ಪ್ರಾರ್ಥನೆಗೆ ಮುಂಚಿನ ಅರ್ಧ ತಾಸು

ಈಗಲೇ, ಎಲ್ಲರೆದುರು ಹೇಳಿಬಿಡಬೇಕೇ? ಇಲ್ಲ, ಮಣ್ಣು ಮುಗಿದ ಮೇಲೆ ಮನೆಯವರನ್ನಷ್ಟೇ ಬದಿಗೆ ಕರೆದು ಹೇಳಿದರೆ ಸಾಕೇ? ಎಂಟು ವರ್ಷ ತಡೆದದ್ದು ಇನ್ನೊಂದು ತಾಸು ತಡೆಯಲಾರದೇ? ಯೋಚಿಸುತ್ತಲೇ ಮುಖ್ಯೋಪಾಧ್ಯಾಯ ಪ್ರಲ್ಹಾದ ದೇಹೂ ರೋಡಿನ ರುದ್ರಭೂಮಿಯ ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ನಡೆದ. ಮುಂದೆ ನಾಲ್ವರ ಹೆಗಲ ಮೇಲೆ, ಹೂ ಕಟ್ಟಿದ ಕುರ್ಚಿಯಲ್ಲಿ ಈರಬಸಪ್ಪ ಮಾಸ್ತರರ ಹೆಣ ಹೋಗುತ್ತಿತ್ತು. ಹಣೆ ತುಂಬ ವಿಭೂತಿ, ನೆಟ್ಟಗೆ ಕೂತ ಭಂಗಿ. ವರ್ಗದಲ್ಲೂ ಅವರು ಹೀಗೇ ಕೂಡುತ್ತಿದ್ದರು.

"ನೋಡ್ರಿ ಸರ್," ಶಾಲೆಯ ಸಿಪಾಯಿ ಅಂಬಾರಾಯ ಪಕ್ಕಕ್ಕೆ ಬಂದ. "ಇವತ್ತೂ ಮಾಸ್ತರು ಮುಂದ, ನಾವು ಹಿಂದ. ಗೇಟಿನ ಕೀಲಿ ನನ್ನ ಕಡೆ ಇರ್ತಿತ್ತು. ಒಂದಿನಾನೂ ಅವರು ಬರೋದ್ರಾಗ ತಗದಿಟ್ಟದ್ದಿಲ್ಲ. ಹೊರಗ ಕಲ್ಲಿನ ಮ್ಯಾಲ ಕೂತು ಕಾಯ್ತಿದ್ರು."

"ಬೈಯೋ ಮನಷ್ಯಾ ಅಲ್ಲ ಬಿಡೊ."

"ಬೈದಿದ್ರ ಚಲೋ ಇತ್ರಿ," ಎಂದ ಅಂಬಾರಾಯ. "ಬೈಲಿಲ್ಲಲ್ಲ, ಅದೇ ತ್ರಾಸು."

*

೧೯೯೪ರಲ್ಲಿ ಪ್ರಲ್ಹಾದ ಪುಣೆಯ ಆ ಕನ್ನಡ ಶಾಲೆಗೆ ಹೊಸಬ. ಅವನ ಐದನೆಯ ವರ್ಗ ಬೆಳಿಗ್ಗೆ ಏಳಕ್ಕೇ ಸಂತೆಯಾಗಿರುತ್ತಿತ್ತು. ಒಂಬತ್ತಾಗುವಷ್ಟರಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟುತ್ತಿತ್ತು. ಗೋಡೆಯಾಚೆ ಈರಬಸಪ್ಪನವರ ವರ್ಗದಿಂದ ಪೆನ್ಸಿಲ್ ಓಡುವ ಸದ್ದಷ್ಟೇ ಬರುತ್ತಿತ್ತು. ಒಂದು ದಿನ ಬೇಗ ಹೋಗಿ ನೋಡಿದ.

ಮೊದಲ ಲೋಕಲ್ ರೈಲು ಹಿಡಿದು ಬಂದಿದ್ದ ಮಾಸ್ತರರು ಕಿಟಕಿ ತೆರೆದರು. ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ ಮೂರು ಲೆಕ್ಕ ಬರೆದರು. ಆಮೇಲೆ ಕುರ್ಚಿಯಲ್ಲಿ ಸುಮ್ಮನೆ ಕೂತರು. ಬಂದ ಮಗು ಅವರ ಮುಖ ನೋಡುತ್ತಿತ್ತು, ಅವರು ತಲೆಯಾಡಿಸುತ್ತಿದ್ದರು, ಅದು ಕೂತು ಲೆಕ್ಕಕ್ಕೆ ತೊಡಗುತ್ತಿತ್ತು. ಪ್ರಾರ್ಥನೆಯ ಗಂಟೆಯವರೆಗೆ, ಅರ್ಧ ತಾಸು, ಯಾರೂ ಮಾತಾಡಲಿಲ್ಲ.

"ಇಷ್ಟು ಸುಲಭದ ಲೆಕ್ಕ ಯಾಕ್ರಿ?" ಎಂದು ಕೇಳಿದ.

"ಕಟ್ಟಡ ಕೆಲಸದವರ ಮಕ್ಕಳು, ತಮ್ಮಾ. ತಗಡಿನ ಶೆಡ್ಡಿನ್ಯಾಗ ಜಗಳಾ ಕೇಳಕೋತ ಎದ್ದು ಬಂದಿರ್ತಾವ. ಮೊದಲ ಕೆಲಸ ಒಂದು ಬರೋಬ್ಬರಿ ಆತಂದ್ರ ದಿನಾ ತಾನೇ ನಡೀತದ. ಆದ್ರ ಮೊದಲ ನೀ ತಣ್ಣಗಾಗು. ಮಕ್ಕಳು ಆಮ್ಯಾಲ."

ಮೂರು ತಿಂಗಳು ದಿನವೂ ಆ ಅರ್ಧ ತಾಸು ಅವನನ್ನು ತಮ್ಮ ವರ್ಗದಲ್ಲೇ ಕೂರಿಸಿಕೊಂಡು ಕಲಿಸಿದರು.

ಐದು ವರ್ಷದ ನಂತರ ಶಿಕ್ಷಕರಿಗಾಗಿ ಒಂದು ಪ್ರಬಂಧ ಸ್ಪರ್ಧೆ ನಡೆಯಿತು. ಪ್ರಲ್ಹಾದ ಆ ಅರ್ಧ ತಾಸಿನ ಬಗ್ಗೆ ಮರಾಠಿಯಲ್ಲಿ ಬರೆದ. ಈ ಪ್ರಯೋಗ ನಿಮ್ಮ ಸ್ವಂತದ್ದೇ ಎಂದು ಫಾರ್ಮಿನಲ್ಲಿ ಕೇಳಿತ್ತು. ತಾನೂ ಐದು ವರ್ಷ ಮಾಡಿದ್ದೇನಲ್ಲ ಎಂದುಕೊಂಡು ಹೌದೆಂದು ಬರೆದ. ಬಹುಮಾನ ಬಂದರೆ ಭಾಷಣದಲ್ಲಿ ಮಾಸ್ತರರ ಹೆಸರು ಹೇಳಿದರಾಯಿತು. ಬಹುಮಾನ ಬಂತು. ವೇದಿಕೆ ಹತ್ತಿದಾಗ, ಈಗ ಹೆಸರು ಹೇಳಿದರೆ ಫಾರ್ಮಿನಲ್ಲಿ ಬರೆದದ್ದು ಸುಳ್ಳಾಗುತ್ತದೆ ಎಂಬುದು ಹೊಳೆಯಿತು. ಮೂರನೆಯ ಸಾಲಿನಲ್ಲಿ ಕೂತು ಈರಬಸಪ್ಪ ಚಪ್ಪಾಳೆ ತಟ್ಟುತ್ತಿದ್ದರು.

"ಭಾಳ ಚಲೋ ಬರದೀರಿ, ಸರ್," ಎಂದರು ಮರುದಿನ. ಅಲ್ಲಿಂದ ಮುಂದೆ ಅವನನ್ನು ತಮ್ಮಾ ಎಂದು ಕರೆಯಲಿಲ್ಲ.

ಮುಖ್ಯೋಪಾಧ್ಯಾಯನಾದ ಮೇಲೆ ಪ್ರಲ್ಹಾದ ಆ ಅರ್ಧ ತಾಸನ್ನು ಎಲ್ಲ ವರ್ಗಗಳಿಗೂ ಕಡ್ಡಾಯ ಮಾಡಿ ಒಂದು ರಜಿಸ್ಟರ್ ಇಟ್ಟ. ನಿವೃತ್ತರಾಗುವ ದಿನದವರೆಗೂ ಈರಬಸಪ್ಪ ಅದರಲ್ಲಿ ಸಹಿ ಮಾಡಿದರು: ಮುಖ್ಯೋಪಾಧ್ಯಾಯರ ಸೂಚನೆ ಪಾಲಿಸಿದ್ದೇನೆ.

*

ಮಾಸ್ತರರನ್ನು ಕುಣಿಯಲ್ಲಿ ಕೂರಿಸಿ ಜಂಗಮರು ಪತ್ರೆ ಏರಿಸಿದರು. ನೆರೆಮನೆಯ ಮರಾಠಿ ಹಿರಿಯರೊಬ್ಬರು ಪ್ರಲ್ಹಾದನ ಕಡೆ ತಿರುಗಿ, "ಸರ್, ದೋನ್ ಶಬ್ದ ಬೋಲಾ," ಎಂದು ಎರಡು ಮಾತಾಡಲು ಕೇಳಿಕೊಂಡರು.

ಅವನು ಮಾತಾಡಿದ. ಮಾಸ್ತರರು ಎಂದೂ ತಡವಾಗಿ ಬರಲಿಲ್ಲ ಎಂದ. ಮೃದು ಸ್ವಭಾವ ಎಂದ. ಶಾಲೆಗೆ ತುಂಬಲಾರದ ಹಾನಿ ಎಂದ. ನಿಲ್ಲಿಸಿದಾಗ ಅಂಬಾರಾಯ ಇನ್ನೂ ಏನೋ ಬಾಕಿಯಿದೆ ಎಂಬಂತೆ ಕಾದು, ಆಮೇಲೆ ಬೇರೆ ಕಡೆ ನೋಡಿದ.

ಮಣ್ಣು ಹಾಕಲು ಜನ ಸಾಲುಗಟ್ಟಿದಾಗ ಮಾಸ್ತರರ ಮಗಳು ರೇಣು ಹತ್ತಿರ ಬಂದಳು. ಅತ್ತು ಅತ್ತು ದನಿ ಒಡೆದಿತ್ತು.

"ನಾನೂ ಜೂನ್‌ದಿಂದ ಶಾಲಿಗೆ ಕಲಸಾಕ ಹೊಂಟೀನ್ರಿ ಸರ್. ನಿಮ್ಮ ಪ್ರಬಂಧ ನಮಗ ಡಿ.ಎಡ್.ದಾಗ ಓದಿಸಿದ್ರು. ಸರ್‌ದು ನೋಡಿ ನೀನೂ ಕಲತಿಯೇನಪಾ ಅಂತ ಅಪ್ಪಗ ಚ್ಯಾಷ್ಟಿ ಮಾಡ್ತಿದ್ದೆ."

"ಏನಂದ್ರು?"

"ನಕ್ಕರು. ಹೂಂ, ಕಲತೀನಿ ಅಂದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೇಳೋ ಹೊತ್ತಲ್ಲ ಇದು, ಖರೆ. ಮೊದಲ ಸುಲಭದ ಲೆಕ್ಕ ಕೊಡಬೇಕು ಅಂತ ನಿಮಗ ಹ್ಯಾಂಗ ಹೊಳೀತ್ರಿ?"

ಎರಡು ಹೆಜ್ಜೆ ದೂರದಲ್ಲಿ ಅಂಬಾರಾಯ ಅವನ ಬಾಯನ್ನೇ ನೋಡುತ್ತಿದ್ದ.

"ಮಕ್ಕಳನ್ನ ನೋಡಕೋತ ಹೊಳೀತವ್ವಾ," ಎಂದ ಪ್ರಲ್ಹಾದ.

ರೇಣು ತಲೆಯಾಡಿಸಿ ತಾಯಿಯ ಕಡೆ ಹೋದಳು. ಸಾಲು ಮುಂದೆ ಸರಿಯಿತು. ಪ್ರಲ್ಹಾದ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು ಕುಣಿಗೆ ಹಾಕಿದ. ಅದು ಹೊಳೆದದ್ದು ನಿನ್ನ ಅಪ್ಪನಿಗೆ ಎಂದು ಅವನು ಅವಳಿಗೆ ಅಂದು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.