ಮೂವರು ಕಂಡ ಮೂರು ಬಣ್ಣದ ಹೊಗೆ

ಸಿದ್ದಬಸಪ್ಪನವರ ಲಾರಿ ಹೊಗೆ ಉಗುಳಲು ಶುರು ಮಾಡಿ ಒಂದು ತಿಂಗಳಾಗಿತ್ತು. ಹೊಗೆ ಯಾವ ಬಣ್ಣದ್ದು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಇದು ಎಪ್ಪತ್ತೈದನೇ ಇಸವಿಯ ಮಾತು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ದಾವಣಗೆರೆ ಕಡೆಯಿಂದ ಬಂದು ನೆಲೆಸಿದ್ದ ಸಿದ್ದಬಸಪ್ಪನವರು ಹನ್ನೆರಡು ವರ್ಷ ಹಳೆಯದೊಂದು ಲಾರಿ ಇಟ್ಟುಕೊಂಡು, ಹೊಸ ಬಡಾವಣೆಗಳಿಗೆ ಮಣ್ಣು, ಜಲ್ಲಿ, ಇಟ್ಟಿಗೆ ಹೊಡೆಸುತ್ತಿದ್ದರು. ಮನೆಯ ಅನ್ನ ಅದರಿಂದಲೇ. ಓಡಿಸುವವನು ಮಾರೇನಹಳ್ಳಿಯ ಬೆಟ್ಟಯ್ಯ. ಎಂಟು ವರ್ಷದಿಂದ ಅವನೊಬ್ಬನೇ ಡ್ರೈವರು.

ಹೊಗೆಯ ಬಗ್ಗೆ ಮೊದಲು ಹೇಳಿದವರು ಸಿದ್ದಬಸಪ್ಪನವರ ಹೆಂಡತಿ ನೀಲಗಂಗಮ್ಮ. ಲಾರಿ ನಿಲ್ಲುತ್ತಿದ್ದದ್ದು ಮನೆಯ ಪಕ್ಕದ ಖಾಲಿ ಸೈಟಿನಲ್ಲಿ.

"ರೀ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಿಳೀ ಹೊಗೆ ಬರುತ್ತೆ. ಕಣ್ಣು ಉರಿಯುತ್ತೆ. ಬಟ್ಟೆ ಒಣಹಾಕೋಕೆ ಆಗ್ತಿಲ್ಲ."

"ಬಿಳೀದಾ? ನಾನು ನೋಡಿದ್ದು ಕಪ್ಪು ಕಣೇ. ಲೋಡ್ ಹಾಕ್ಕೊಂಡು ಏರು ಹತ್ತಿದ್ರೆ ಕರ್‍ರಗೆ ಬರುತ್ತೆ."

ಸಿದ್ದಬಸಪ್ಪನವರು ಒಂದು ಬೆಳಿಗ್ಗೆ ಲಾರಿಯನ್ನು ಹತ್ತಿರದ ರಾಜಾಜಿನಗರದ ಒಂದು ಗ್ಯಾರೇಜಿಗೆ ಒಯ್ದರು. ಗ್ಯಾರೇಜಿನವನು ಲಾರಿಯನ್ನು ಹುಣಸೆಮರದ ನೆರಳಲ್ಲಿ ನಿಲ್ಲಿಸಿಕೊಂಡು ಅರೆನಿಮಿಷ ನೋಡಿ, "ನೀಲಿ ಹೊಗೆ ಸಾರ್. ಇಂಜಿನ್ ಆಯಿಲ್ ಸುಡ್ತಾ ಇದೆ. ಆಯಿಲ್ ತಡೆಯೋ ಪಿಸ್ಟನ್ ರಿಂಗ್ ಸವೆದುಹೋಗಿದೆ. ಇಂಜಿನ್ ಇಳಿಸಿ ಪೂರ್ತಿ ಬಿಚ್ಬೇಕು" ಎಂದುಬಿಟ್ಟ.

ಸಿದ್ದಬಸಪ್ಪನವರಿಗೆ ತಲೆ ಗಿರ್ರೆಂದಿತು. ಒಂದೇ ಸೈಲೆನ್ಸರಿನಿಂದ ಮೂರು ಬಣ್ಣ ಬರಲು ಇದೇನು ಓಕುಳಿಯಾಟವೇ? ಯಾರ ಮಾತು ನಂಬುವುದು? ಇದರ ಜೊತೆಗೆ ಲಾರಿ ಮೊದಲಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತಿತ್ತು. ಅದು ಏಕೆ ಎಂಬುದೂ ತಿಳಿಯದು.

ಹೀಗಿರುವಾಗ ಒಂದು ದಿನ ಜಲ್ಲಿ ತುಂಬಿಕೊಂಡು ಕೆಂಗೇರಿ ಕಡೆಯಿಂದ ಬರುತ್ತಿದ್ದರು. ಕ್ಯಾಬಿನ್ನಿನಲ್ಲಿ ಬೆಟ್ಟಯ್ಯನ ಪಕ್ಕ ಸಿದ್ದಬಸಪ್ಪನವರೂ ಕೂತಿದ್ದರು. ಮೈಸೂರು ರಸ್ತೆಯ ಏರಿನಲ್ಲಿ ಬೆಟ್ಟಯ್ಯ ಗೇರು ಬದಲಿಸಿ ಆಕ್ಸಿಲರೇಟರ್ ತುಳಿದ. ಹಿಂದೆ ಕಪ್ಪು ಹೊಗೆ ಗೋಡೆಯಂತೆ ಎದ್ದಿತು. ಯಾರೋ ಕೂಗಿದ್ದು ಕೇಳಿ ಬೆಟ್ಟಯ್ಯ ಲಾರಿ ನಿಲ್ಲಿಸಿದ.

ಸೈಕಲ್ಲಿನಲ್ಲಿ ಬರುತ್ತಿದ್ದ ಪದ್ಮನಾಭ ಎಂಬ ಸ್ಕೂಲು ಮೇಷ್ಟರು ರಸ್ತೆ ಪಕ್ಕದ ಮೋರಿಗೆ ಬಿದ್ದಿದ್ದರು. ಮಂಡಿ ಒಡೆದು ರಕ್ತ ಬರುತ್ತಿತ್ತು.

"ಏನೂ ಕಾಣಿಸ್ಲಿಲ್ಲ ಸ್ವಾಮಿ. ಕಣ್ಮುಂದೆ ಇದ್ದ ರಸ್ತೇನೇ ಮಾಯ ಆಯ್ತು. ನನ್ನ ಹಿಂದೆ ಬಸ್ಸು ಬರ್ತಿತ್ತು" ಎಂದರು ಮೇಷ್ಟರು.

ಬಸ್ಸು ನಾಲ್ಕು ಮಾರು ಹಿಂದೆ ನಿಂತಿತ್ತು. ಸಿದ್ದಬಸಪ್ಪನವರ ಹೆದರಿಕೆ ಸಿಟ್ಟಾಯಿತು. ಸಿಟ್ಟು ಬೆಟ್ಟಯ್ಯನ ಮೇಲೆ ತಿರುಗಿತು.

"ಈಗ ಗೊತ್ತಾಯ್ತು ಬಿಡೋ. ಡೀಸೆಲ್ ಮಾರ್ಕೊಂಡು ಸೀಮೆಎಣ್ಣೆ ಸುರೀತಿದೀಯ ನೀನು. ಅದಕ್ಕೇ ಡೀಸೆಲ್ಲೂ ಸಾಲ್ತಿಲ್ಲ, ಹೊಗೇನೂ ನಿಲ್ತಿಲ್ಲ."

ಬೆಟ್ಟಯ್ಯ ಸೈಕಲ್ಲನ್ನು ಎತ್ತಿ ಲಾರಿಗೆ ಹಾಕಿದ. ಮೇಷ್ಟರನ್ನು ಆಸ್ಪತ್ರೆಯ ಬಾಗಿಲಿನವರೆಗೆ ಬಿಟ್ಟ. ಜಲ್ಲಿ ಇಳಿಸಿದ. ಲಾರಿಯನ್ನು ತಂದು ಸೈಟಿನಲ್ಲಿ ನಿಲ್ಲಿಸಿ, ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟ.

"ಇಷ್ಟು ವರ್ಷದಲ್ಲಿ ಕಳ್ಳ ಅನ್ನಿಸ್ಕೊಂಡಿರಲಿಲ್ಲ ಯಜಮಾನ್ರೆ. ಬೇರೆಯೋರ್ನ ನೋಡ್ಕೊಳಿ" ಎಂದು ಹೊರಟುಹೋದ.

ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಬೆಟ್ಟಯ್ಯ ಕದ್ದಿರಬಹುದು ಎಂದು ಸಿದ್ದಬಸಪ್ಪನವರಿಗೆ ಒಮ್ಮೆ ಅನ್ನಿಸುವುದು. ಮರುಕ್ಷಣವೇ, ಛೆ, ಅವನಾ ಎನ್ನಿಸುವುದು. ಸೋಮವಾರ ಇಂಜಿನ್ ಇಳಿಸಿಯೇಬಿಡುವುದು ಎಂದು ಕೊನೆಗೆ ತೀರ್ಮಾನಿಸಿದರು.

"ಬಿಚ್ಚೋಕೆ ಮುಂಚೆ ಒಂದು ಸಲ ಏಕಾಂತಯ್ಯನೋರಿಗೆ ತೋರಿಸ್ರಿ" ಎಂದರು ನೀಲಗಂಗಮ್ಮ.

ಏಕಾಂತಯ್ಯ ನಮ್ಮ ಬೀದಿಯ ಕೊನೆ ಮನೆಯವರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿದ್ದರು. ಮಾರನೆಯ ಬೆಳಿಗ್ಗೆ ಬಂದು ಎಲ್ಲ ಕೇಳಿಸಿಕೊಂಡರು.

"ಮೂರು ಜನಾನೂ ಕಂಡಿದ್ದನ್ನೇ ಹೇಳಿದೀರಿ. ಆದ್ರೆ ಯಾವಾಗ ಕಂಡಿರಿ, ಎಷ್ಟು ಹೊತ್ತು ಕಂಡಿರಿ ಅನ್ನೋದನ್ನ ಸೇರಿಸ್ಲಿಲ್ಲ. ಬಣ್ಣ ಅರ್ಧ ಮಾತು. ಹೊತ್ತು ಇನ್ನರ್ಧ."

"ಹಳೇ ಇಂಜಿನ್ನು. ಯಾವಾಗ ನೋಡಿದ್ರೇನು, ಹೊಗೆ ಹೊಗೇನೇ ಅಲ್ವಾ?" ಎಂದರು ಸಿದ್ದಬಸಪ್ಪ.

"ನೋಡೋಣ ಬನ್ನಿ."

ಇಂಜಿನ್ ಇನ್ನೂ ತಣ್ಣಗಿತ್ತು. ಏಕಾಂತಯ್ಯ ರೇಡಿಯೇಟರಿನ ಮುಚ್ಚಳ ತೆಗೆದರು. "ಬಿಸಿ ಇದ್ದಾಗ ಇದನ್ನ ತೆಗೀಬೇಡಿ, ಮುಖ ಸುಟ್ಟುಹೋಗುತ್ತೆ" ಎಂದರು. ನೀರು ತುಂಬಿತ್ತು. ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ ನೋಡಿದರು. ಆಯಿಲಿನಲ್ಲಿ ನೀರು ಬೆರೆತಿರಲಿಲ್ಲ. ಆಮೇಲೆ ಸ್ಟಾರ್ಟ್ ಮಾಡಿಸಿದರು. ನೀಲಗಂಗಮ್ಮ ಹೇಳಿದಂತೆಯೇ ಬಿಳಿ ಹೊಗೆ ಬಂತು. ಎಲ್ಲರೂ ಕಾದರು. ಇಂಜಿನ್ ಕಾವೇರುತ್ತಿದ್ದಂತೆ ಹೊಗೆ ತೆಳ್ಳಗಾಗಿ ನಿಂತೇ ಹೋಯಿತು.

"ಇದು ತಣ್ಣಗಿರೋ ಇಂಜಿನ್ನಿನಲ್ಲಿ ಪೂರ್ತಿ ಉರೀದೆ ಇರೋ ಡೀಸೆಲ್ಲು. ಕಣ್ಣು ಉರಿಯೋದು ಅದಕ್ಕೇ. ಕಾವು ಬಂದಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಲ್ಲಿ ನೀರು ಇಳೀತಾ ಹೋದ್ರೆ ಮಾತ್ರ ಅಪಾಯ. ಇಂಜಿನ್ ಒಳಗೆ ನೀರು ಸೋರ್ತಿದೆ ಅಂತ ಅರ್ಥ. ಆಗ ಗಾಡಿ ಓಡಿಸಲೇಬಾರದು."

"ಮತ್ತೆ ಆ ನೀಲಿ?"

"ಗ್ಯಾರೇಜು ಹತ್ತಿರ, ಇಂಜಿನ್ ಪೂರ್ತಿ ಕಾದಿರಲಿಲ್ಲ. ತೆಳ್ಳಗಿನ ಬಿಳಿ ಹೊಗೆ ಮರದ ನೆರಳಲ್ಲಿ ನೀಲಿಯಾಗೇ ಕಾಣುತ್ತೆ. ನಿಜವಾಗ್ಲೂ ಆಯಿಲ್ ಸುಡ್ತಿದ್ರೆ ಆಯಿಲ್ ಕಡಿಮೆ ಆಗ್ಲೇಬೇಕು. ಮಧ್ಯೆ ಮಧ್ಯೆ ಎಷ್ಟು ಆಯಿಲ್ ಹಾಕಿಸಿದೀರಿ?"

ಸಿದ್ದಬಸಪ್ಪನವರಿಗೆ ಗೊತ್ತಿರಲಿಲ್ಲ.

"ಅದು... ಬೆಟ್ಟಯ್ಯಂಗೇ ಗೊತ್ತು."

"ಹಾಗಾದ್ರೆ ಅವನನ್ನೇ ಕೇಳ್ಬೇಕು" ಎಂದು ಏಕಾಂತಯ್ಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಬೆಟ್ಟಯ್ಯನನ್ನು ಕರೆಯಲು ಸಿದ್ದಬಸಪ್ಪನವರಿಗೆ ಮುಖವಿರಲಿಲ್ಲ. ನೀಲಗಂಗಮ್ಮನೇ ಸೆರಗು ಹೊದ್ದು ಮಾರೇನಹಳ್ಳಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಬೆಟ್ಟಯ್ಯ ಅವರ ಹಿಂದೆ ಬಂದ. ಯಜಮಾನರ ಕಡೆ ನೋಡದೆ ಏಕಾಂತಯ್ಯನವರಿಗೆ ಕೈಮುಗಿದ.

"ಆಯಿಲ್ ಬದಲಾಯಿಸೋ ದಿನ ಬಿಟ್ರೆ ಮಧ್ಯೆ ಒಂದು ತೊಟ್ಟೂ ಹಾಕಿಲ್ಲ ಸಾರ್. ಕಡ್ಡಿ ದಿನಾ ನೋಡ್ತೀನಿ. ಇಳಿದಿಲ್ಲ."

"ಹಾಗಾದ್ರೆ ರಿಂಗ್ ಹೋಗಿಲ್ಲ. ಕಪ್ಪು ಹೊಗೆ ಯಾವಾಗಿಂದ?"

"ಮಹಾಲಕ್ಷ್ಮಿ ಲೇಔಟಿಗೆ ಮಣ್ಣು ಹೊಡೆಯೋಕೆ ಹೋದಾಗಿಂದ. ಅಲ್ಲಿ ಬರೀ ಧೂಳು. ಗಾಡಿ ಉಸಿರು ಕಟ್ಟಿದ ಹಾಗೆ ಆಡ್ತಿತ್ತು. ಅರ್ಧ ದಿನ ನಿಲ್ಲಿಸಿ, ಏರ್ ಕ್ಲೀನರ್ ತೊಳೀತೀನಿ ಅಂದೆ. ಎರಡು ಸಲ ಕೇಳ್ದೆ."

ಯಾರನ್ನು ಕೇಳಿದ್ದ, ಉತ್ತರ ಏನು ಬಂದಿತ್ತು ಎಂದು ಅವನು ಹೇಳಲಿಲ್ಲ. ಸಿದ್ದಬಸಪ್ಪನವರು ತಲೆ ತಗ್ಗಿಸಿದರು.

ಏಕಾಂತಯ್ಯ, ಬೆಟ್ಟಯ್ಯ ಇಬ್ಬರೂ ಸೇರಿ ಏರ್ ಕ್ಲೀನರ್ ಬಿಚ್ಚಿದರು. ಇಂಜಿನ್ನಿಗೆ ಹೋಗುವ ಗಾಳಿಯ ಧೂಳನ್ನು ಹಿಡಿಯುವ ಡಬ್ಬಿ ಅದು. ತಳದಲ್ಲಿ ತೆಳ್ಳಗಿನ ಆಯಿಲ್ ಇರಬೇಕಾದ ಕಡೆ ರಾಗಿ ಮುದ್ದೆಯಂಥ ಕೆಸರು ಕೂತಿತ್ತು. ಬೆಟ್ಟಯ್ಯ ಬೆರಳಿನಿಂದ ಎತ್ತಿದರೆ ಹೆಂಟೆಯಾಗಿ ಬಂತು.

"ನೋಡಿ ಸಿದ್ದಬಸಪ್ಪನೋರೆ" ಎಂದರು ಏಕಾಂತಯ್ಯ. "ಒಲೆಗೆ ಗಾಳಿ ಆಡದೇ ಇದ್ರೆ ಏನಾಗುತ್ತೆ? ಸೌದೆ ಉರಿಯಲ್ಲ, ಹೊಗೆ ಏಳುತ್ತೆ. ಇದೂ ಅಷ್ಟೇ. ಗಾಳಿ ಸಾಲ್ದೆ ಡೀಸೆಲ್ ಅರ್ಧಂಬರ್ಧ ಉರಿದು ಕಪ್ಪಾಗಿ ಆಚೆ ಹೋಗಿದೆ. ಎಳೆಯೋ ಶಕ್ತಿ ಕಡಿಮೆ ಆಗಿ ಇನ್ನೂ ತುಳೀಬೇಕು, ಇನ್ನೂ ಹೊಗೆ. ನಿಮ್ಮ ಡೀಸೆಲ್ ಕದ್ದಿದ್ದು ಈ ಕೆಸರು."

ಡಬ್ಬಿಯನ್ನು ತೊಳೆದು ಒಣಗಿಸಿ, ಗುರುತಿನ ಗೆರೆಯವರೆಗೆ ಮಾತ್ರ ಹೊಸ ಆಯಿಲ್ ಹಾಕಿದರು. ಹೆಚ್ಚು ಹಾಕಿದರೆ ಇಂಜಿನ್ ಅದನ್ನೇ ಹೀರಿಕೊಳ್ಳುತ್ತದೆ. ಮಾರನೆಯ ದಿನ ಜಲ್ಲಿ ತುಂಬಿ ಮೂವರೂ ಅದೇ ಏರಿಗೆ ಹೋದರು; ಏಕಾಂತಯ್ಯನವರ ಮಾತಿಗೆ ಬೆಟ್ಟಯ್ಯನೇ ಓಡಿಸಿದ. ಹೊಗೆ ಮುಕ್ಕಾಲು ಪಾಲು ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ.

"ಇನ್ನೂ ಇದೆಯಲ್ಲ!" ಎಂದು ಸಿದ್ದಬಸಪ್ಪ ಮತ್ತೆ ಗಾಬರಿಯಾದರು.

"ಡೀಸೆಲ್ ಸಿಡಿಸೋ ನಾಜಲ್‌ಗಳನ್ನ ಪರೀಕ್ಷೆ ಮಾಡಿಸಿ. ಒಂದೊಂದಾಗಿ ನೋಡ್ಬೇಕು, ಸುಲಭದ್ದರಿಂದ ಶುರು ಮಾಡ್ಬೇಕು" ಎಂದರು ಏಕಾಂತಯ್ಯ. ನಾಲ್ಕನೇ ನಾಜಲ್ ಡೀಸೆಲ್ಲನ್ನು ತುಂತುರಾಗಿ ಚೆಲ್ಲುವ ಬದಲು ಸರಿಯಾಗಿ ಉರಿಯದ ಹಾಗೆ ಧಾರೆಯಾಗಿ ಸುರಿಸುತ್ತಿತ್ತು. ಅದನ್ನು ಸರಿಮಾಡಿಸಿದ ಮೇಲೆ ಏರಿನಲ್ಲಿ ಹಿಂದೆ ತಿರುಗಿ ನೋಡಿದರೆ ರಸ್ತೆ ನಿಚ್ಚಳವಾಗಿ ಕಂಡಿತು. ಇಂಜಿನ್ ಇಳಿಸುವ ಮಾತು ಅಲ್ಲಿಗೇ ಮುಗಿಯಿತು.

ಸಿದ್ದಬಸಪ್ಪನವರು ಪದ್ಮನಾಭ ಮೇಷ್ಟರ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದರು. ಆ ಸಂಜೆ ಮಾರೇನಹಳ್ಳಿಗೆ ಹೋಗಿ, ಬೆಟ್ಟಯ್ಯನ ಹೆಂಡತಿಯ ಎದುರಿಗೇ ಹೇಳಿದರು.

"ತಪ್ಪು ನಂದು ಬೆಟ್ಟಯ್ಯ. ನೀನು ಎರಡು ಸಲ ಕೇಳಿದ್ದೆ. ಲೋಡ್ ಮುಗೀಲಿ ಅಂದಿದ್ದು ನಾನೇ. ಕಳ್ಳ ಅಂದಿದ್ದೂ ನಾನೇ."

ಬೆಟ್ಟಯ್ಯ ಚಾಪೆ ಹಾಸಿ ಅವರನ್ನು ಕೂರಿಸಿದ.

"ಮತ್ತೆ ಕೆಲಸಕ್ಕೆ ಬರ್ತೀನಿ ಯಜಮಾನ್ರೆ. ಆದ್ರೆ ನಾನು ಗಾಡಿ ನಿಲ್ಲಿಸ್ಬೇಕು ಅಂದ ದಿನ ನಿಲ್ಲಿಸ್ಬೇಕು."

"ನಿಲ್ಲಿಸೋಣ" ಎಂದರು ಸಿದ್ದಬಸಪ್ಪ.

ಲಾರಿ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ಹೊಗೆ ಬಿಟ್ಟರೆ ಗಾಬರಿಯಾಗಬೇಡಿ, ಅಸಡ್ಡೆಯನ್ನೂ ಮಾಡಬೇಡಿ. ಯಾವ ಬಣ್ಣ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಎಂದು ನೋಡಿ. ನೀರು ನೋಡಿ, ಆಯಿಲ್ ನೋಡಿ, ಏರ್ ಕ್ಲೀನರ್ ಬಿಚ್ಚಿ ನೋಡಿ. ಧೂಳಿನಲ್ಲಿ ಓಡುವ ಗಾಡಿಯಾದರೆ ಇದನ್ನು ಬೇಗ ಬೇಗ ಮಾಡಿ. ಇಂಜಿನ್ ಇಳಿಸುವುದು ಆಮೇಲಿನ ಮಾತು. ಮತ್ತೆ, ದಿನವಿಡೀ ಆ ಗಾಡಿಯ ಜೊತೆ ಇರುವ ನಿಮ್ಮ ಡ್ರೈವರ್ ಏನೋ ಸರಿಯಿಲ್ಲ ಎಂದು ಹೇಳಿದರೆ, ಅವನು ಎರಡನೇ ಸಲ ಕೇಳುವವರೆಗೆ ಕಾಯಬೇಡಿ. ಇವತ್ತೇ ಗಾಡಿ ನಿಲ್ಲಿಸಿ. ನಿಮ್ಮ ಲಾರಿಯ ಹಿಂದೆ ಯಾರೋ ಒಬ್ಬರು ಸೈಕಲ್ ತುಳಿಯುತ್ತಾ ಬರುತ್ತಿದ್ದಾರೆ.