ಒಂಬತ್ತನೆಯ ಕಿತ್ತಳೆ ಚೂರು

ಯುವಶ್ರೀಗೆ ಕೆಮ್ಮು ಶುರುವಾದದ್ದು ಗುರುವಾರ ಮಧ್ಯಾಹ್ನ. ಅಜ್ಜಿ ಚೆಲ್ಲಮ್ಮಾಳ್ ಊಟ ಮಾಡಿಸುತ್ತಿದ್ದಾಗ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಕೆಮ್ಮಿ ಕೆಂಪಾಗಿ, ಆಮೇಲೆ ತಾನಾಗಿಯೇ ಸುಮ್ಮನಾಯಿತಂತೆ. "ಅನ್ನ ನೆತ್ತಿಗೇರ್ತು, ಅಷ್ಟೇ," ಎಂದು ಸಂಜೆ ಮನೆಗೆ ಬಂದವರಿಗೆಲ್ಲ ಚೆಲ್ಲಮ್ಮಾಳ್ ಹೇಳಿದಳು. ಶುಕ್ರವಾರ ಕೆಮ್ಮು ಬಿಟ್ಟು ಬಿಟ್ಟು ಬಂತು. ಶನಿವಾರ ಬೆಳಿಗ್ಗೆ ಉಸಿರಿನ ಜೊತೆಗೆ ಸಣ್ಣದೊಂದು ಸಿಳ್ಳೆ ಕೇಳಿಸತೊಡಗಿದಾಗ ತಾಯಿ ಮುತ್ತುಸೆಲ್ವಿ ಮಗುವನ್ನು ಎತ್ತಿಕೊಂಡು ಬೀದಿಯ ಕೊನೆಯಲ್ಲಿದ್ದ ಡಾಕ್ಟರ ಬಳಿಗೆ ಓಡಿದಳು. ಹಿಂದೆಯೇ ಮನೆಯವರೆಲ್ಲ ಹೋದರು.

ಡಾಕ್ಟರು ಎದೆಯ ಎರಡೂ ಕಡೆ ಕೇಳಿದರು. ಬಲಗಡೆ ಮತ್ತೊಮ್ಮೆ ಕೇಳಿದರು. "ಈ ಕಡೆ ಗಾಳಿ ಕಡಿಮೆ ಹೋಗುತ್ತಿದೆ," ಎಂದು, ಮನೆಯಲ್ಲಿ ಮಾತ್ರ ಕನ್ನಡ ಆಡುವ ಅವರಿಗೆ ತಮಿಳಿನಲ್ಲಿ ಹೇಳಿ, "ಕಡಲೆಕಾಯಿ, ಹುಣಸೆಬೀಜ, ಗುಂಡಿ, ಆಟದ ಸಾಮಾನಿನ ಚೂರು, ಏನಾದರೂ ಬಾಯಿಗೆ ಹಾಕಿಕೊಂಡಿತ್ತಾ?" ಎಂದು ಕೇಳಿದರು.

ಆಟದ ಸಾಮಾನು ಎಂದ ಕೂಡಲೇ ಎಲ್ಲರ ಕಣ್ಣೂ ತೇನ್‌ಮೊಳಿಯ ಕಡೆ ತಿರುಗಿತು.

ತೇನ್‌ಮೊಳಿ ಮಗುವಿನ ಸೋದರತ್ತೆ. ಮೂವತ್ತೊಂಬತ್ತು ವರ್ಷದ ಅವಳು ತೇನಿಯ ಭೂಮಾಪನ ಕಚೇರಿಯಲ್ಲಿ ಹೊಲಗಳ ನಕ್ಷೆ ಬರೆಯುತ್ತಾಳೆ. ಮದುವೆಯಾಗಿಲ್ಲ. ಚಿನ್ನಮನೂರಿನ ಮನೆಯಲ್ಲಿ ತಾಯಿ ಚೆಲ್ಲಮ್ಮಾಳ್, ಬಾಳೆಕಾಯಿ ಮಂಡಿ ನಡೆಸುವ ತಮ್ಮ ಅಜಿತ್‌ಕುಮಾರ್, ಅವನ ಹೆಂಡತಿ ಮತ್ತು ಮಗುವಿನ ಜೊತೆ ಇರುತ್ತಾಳೆ. ಹನ್ನೊಂದು ವರ್ಷದ ಹಿಂದೆ ಸಹೋದ್ಯೋಗಿಯ ಮಗನಿಗೆ ಉಡುಗೊರೆ ಕೊಡಲೆಂದು ಮದುರೆಯಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳ ಒಂದು ಸಣ್ಣ ಸೆಟ್ ಕೊಂಡವಳು ಅದನ್ನು ಕೊಡದೆ ತಾನೇ ಬಿಚ್ಚಿ ಜೋಡಿಸಿದ್ದಳು. ಹಗಲೆಲ್ಲ ಒಂದಡಿ ಜಾಗಕ್ಕೆ ಕಚ್ಚಾಡುವವರ ಗಡಿ ಗೆರೆ ಎಳೆದು ಬಂದವಳಿಗೆ, ಟಕ್ಕೆಂದು ಸರಿಯಾಗಿ ಕೂರುವ ಆ ತುಂಡುಗಳು ತುಂಬ ಸಮಾಧಾನ ಕೊಟ್ಟವು. ಈಗ ಅವಳ ಕೋಣೆಯಲ್ಲಿ ಇಪ್ಪತ್ತಮೂರು ಸೆಟ್ಟುಗಳಿವೆ: ದೀಪಸ್ತಂಭ, ಹಡಗು, ಹೂವಿನ ಅಂಗಡಿ, ಗಡಿಯಾರದ ಗೋಪುರ. ಇಪ್ಪತ್ತನಾಲ್ಕನೆಯದಾದ ರೈಲು ನಿಲ್ದಾಣ ಅರ್ಧ ಮುಗಿದಿತ್ತು. ನೆಂಟರು ಬಂದು ಯಾವ ಮಗುವಿನ ಆಟಿಕೆ ಎಂದು ಕೇಳಿದರೆ ಚೆಲ್ಲಮ್ಮಾಳ್, "ಆಫೀಸಿನ ಮಾದರಿ," ಎಂದು ಸುಳ್ಳು ಹೇಳಿ ಮಾತು ಮುಗಿಸುತ್ತಿದ್ದಳು.

"ನನ್ ರೂಮಿಗೆ ಬೀಗ ಹಾಕಿರ್ತೀನಿ," ಎಂದಳು ತೇನ್‌ಮೊಳಿ. "ಬೀಗದ ಕೈ ನನ್ ಬ್ಯಾಗಲ್ಲೇ ಇರ್ತದೆ. ಕೂಸು ಒಳಕ್ಕೆ ಕಾಲೇ ಇಟ್ಟಿಲ್ಲ."

ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದರಿಂದ ಯಾರೂ ಮತ್ತೆ ಕೇಳಲಿಲ್ಲ. ಡಾಕ್ಟರು ಎಕ್ಸ್‌ರೇಗೆಂದು ತೇನಿಗೆ ಕಳಿಸಿದರು. ಚೆಲ್ಲಮ್ಮಾಳ್ ಮನೆಯಲ್ಲೇ ಉಳಿದಳು.

ತೇನಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮುತ್ತುಸೆಲ್ವಿ ಕೈಮುಗಿದಳು. ಆದರೆ ಅಲ್ಲಿಯ ಮಕ್ಕಳ ಡಾಕ್ಟರಮ್ಮ ತಲೆಯಾಡಿಸಿದರು. ಪ್ಲಾಸ್ಟಿಕ್ಕೂ ಕಡಲೆಯೂ ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಬರೀ ಕಫವಾದರೆ ಎರಡು ದಿನ ಔಷಧಿ ಕೊಟ್ಟು ನೋಡಬಹುದು. ಏನಾದರೂ ಸಿಕ್ಕಿಕೊಂಡಿದ್ದರೆ ಕಾಯುವುದು ಅಪಾಯ; ಮಗುವಿಗೆ ಮತ್ತು ಬರಿಸಿ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡಬೇಕು. ಇಷ್ಟು ಚಿಕ್ಕ ಮಗುವಿಗೆ ಅದೂ ಸುಲಭದ್ದಲ್ಲ. ದಿಂಡುಗಲ್ಲಿನಲ್ಲಿ ಅದನ್ನು ಮಾಡುವ ಡಾಕ್ಟರು ಇವತ್ತು ಸಂಜೆ ಇರುತ್ತಾರೆ. "ಮೂರು ಗಂಟೆಯೊಳಗೆ ನನಗೆ ಹೇಳಿ. ಮನೆಯಲ್ಲಿ ಏನಾದರೂ ಕಾಣೆಯಾಗಿದೆಯಾ, ಸರಿಯಾಗಿ ನೋಡಿ ಹೇಳಿ," ಎಂದರು.

ಅಜಿತ್‌ಕುಮಾರ್ ಅಕ್ಕನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ನೀ ಮನೆಗೆ ಹೋಗಿ ಒಂದ್ ಸಾರಿ ನೋಡ್ಬುಡು. ನಿನ್ ಸಾಮಾನು ನಿಂಗಲ್ವಾ ಗೊತ್ತು."

"ಇಲ್ಲ ಅಂದ್ನಲ್ಲಪ್ಪಾ."

"ಆದ್ರೂ ನೋಡು. ನಂಗೆ ಭಯ ಆಗ್ತದೆ."

ಬಸ್ಸಿನಲ್ಲಿ ಕೂತಾಗ ತೇನ್‌ಮೊಳಿಗೆ ಮೊದಲು ಬಂದದ್ದು ಕೋಪ. ಎಲ್ಲಕ್ಕೂ ತನ್ನ ಇಟ್ಟಿಗೆಗಳೇ ಬೇಕಾ ಇವರಿಗೆ? ಕೋಪ ಹೆಚ್ಚು ದೂರ ಬರಲಿಲ್ಲ. ವೀರಪಾಂಡಿ ದಾಟುವಷ್ಟರಲ್ಲಿ ಬ್ಯಾಗಿನೊಳಗೆ ಬೀಗದ ಕೈ ತಡಕುತ್ತಿದ್ದಳು. ಗುರುವಾರ ಬೆಳಿಗ್ಗೆ ಬೀಗ ಹಾಕಿ ಎಳೆದು ನೋಡಿದ್ದೆನಾ? ಬುಧವಾರ? ದಿನಾ ಮಾಡುವ ಕೆಲಸದಲ್ಲಿ ಒಂದು ದಿನದ್ದನ್ನು ಬೇರೆ ಮಾಡಿ ನೆನೆಯಲು ಅವಳಿಗೆ ಆಗಲಿಲ್ಲ.

ಮನೆಗೆ ಬಂದಾಗ ಹನ್ನೊಂದೂ ಮುಕ್ಕಾಲು. ಬೀಗ ಹಾಕಿದಂತೆಯೇ ಇತ್ತು. ಒಳಗೆ ಶೆಲ್ಫಿನ ಮೇಲಿನ ಸೆಟ್ಟುಗಳು ಅಲುಗಿರಲಿಲ್ಲ. ಕೆಳಗಿನ ಮೋಟು ಮೇಜಿನ ಮೇಲೆ ನಿಲ್ದಾಣದ ಅರ್ಧ ಕಟ್ಟಡ, ಅದರ ಪಕ್ಕದ ತಟ್ಟೆಯಲ್ಲಿ ಬಿಡಿ ತುಂಡುಗಳು, ತಾನು ಬಿಟ್ಟಂತೆಯೇ ಇದ್ದವು. ತೇನ್‌ಮೊಳಿಯ ಎದೆ ಹಗುರಾಯಿತು. ತಮ್ಮನಿಗೆ ಹೇಳಲೆಂದು ಫೋನ್ ತೆಗೆದಳು.

ಆಗ ಮೇಜಿನ ಕಾಲಿನ ಬಳಿ ಇರುವೆ ಸಾಲು ಕಾಣಿಸಿತು. ಬಗ್ಗಿ ನೋಡಿದಳು. ಬೇಳೆ ಕಲಸಿದ ಅನ್ನದ ಎರಡು ಅಗುಳು, ಒಣಗಿ ನೆಲಕ್ಕೆ ಅಂಟಿಕೊಂಡಿದ್ದವು.

"ಅವ್ವಾ!"

ಚೆಲ್ಲಮ್ಮಾಳ್ ಬಾಗಿಲಲ್ಲೇ ನಿಂತಿದ್ದಳು. ಮಗಳು ಅಗುಳಿನ ಕಡೆ ಬೆರಳು ತೋರಿಸಿದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನ್ ರೂಮಿನ ಬೀಗದ ಕೈ ಇದೆಯಲ್ಲಮ್ಮಾ," ಎಂದಳು ಕೊನೆಗೆ, ಮಾತು ತಡವರಿಸುತ್ತ. "ಅದು ನಿನ್ ರೂಮಿನ ಬೀಗಕ್ಕೂ ಆಗ್ತದೆ. ಕೂಸು ಎಲ್ಲಿ ಕುಂತ್ರೂ ಬಾಯೇ ತೆಗೀದು. ಇಲ್ಲಿ ಕುಂದ್ರಿಸಿ ರೈಲು ತೋರ್ಸಿದ್ರೆ ನಾಕ್ ತುತ್ತು ಉಣ್ತದೆ. ಒಂದ್ ವಾರದಿಂದ ಇಲ್ಲೇ ಉಣ್ಸ್ತಾ ಇದ್ದೆ."

"ಗುರುವಾರಾನೂ?"

"ಗುರುವಾರಾನೂ."

"ಡಾಕ್ಟ್ರು ಕೇಳ್ದಾಗ ಯಾಕವ್ವಾ ಹೇಳ್ಲಿಲ್ಲ?"

"ನಾ ಬಾಯಿ ತೆಗೆಯೋದ್ರೊಳಗೆ ನೀನೇ ಇಲ್ಲ ಅಂದ್ಬುಟ್ಟೆ. ಅಷ್ಟು ಜನರ ಮುಂದೆ... ಆಮೇಲೆ ನಂಗೆ ನಾಲ್ಗೆ ಏಳ್ಲಿಲ್ಲ."

ತೇನ್‌ಮೊಳಿಗೆ ಕಿರುಚಬೇಕೆನಿಸಿತು. ಕಿರುಚಲು ಹೊತ್ತಿರಲಿಲ್ಲ. ಮಗು ಏನನ್ನು ಮುಟ್ಟಿತ್ತು ಎಂದು ಕೇಳಿದಳು. ನಿಲ್ದಾಣದಿಂದ ಒಂದೆರಡು ಕಿತ್ತಿತ್ತು, ತಾನೇ ಮತ್ತೆ ಎಲ್ಲಿ ಕೂರುತ್ತದೋ ಅಲ್ಲಿ ಸಿಕ್ಕಿಸಿದೆ ಎಂದಳು ಚೆಲ್ಲಮ್ಮಾಳ್. ಹಾಗಾದರೆ ಕಣ್ಣಲ್ಲಿ ನೋಡಿ ಪ್ರಯೋಜನವಿಲ್ಲ. ಎಲ್ಲವನ್ನೂ ಬಿಚ್ಚಿ ಎಣಿಸಬೇಕು.

ಎರಡು ತಿಂಗಳ ಭಾನುವಾರಗಳಲ್ಲಿ ಕಟ್ಟಿದ ನಿಲ್ದಾಣವನ್ನು ಅವಳು ಎರಡು ಕೈಯಲ್ಲಿ ಹಿಡಿದು ಮುರಿದಳು. ಹಾಸಿಗೆಯ ಮೇಲೆ ಬಿಳಿ ಪಂಚೆ ಹರವಿ ತುಂಡುಗಳನ್ನು ಸುರಿದಳು. ಸೆಟ್ಟಿನ ಪುಸ್ತಕದ ಪ್ರತಿ ಪುಟದ ಮೂಲೆಯಲ್ಲೂ ಆ ಹಂತಕ್ಕೆ ಬೇಕಾದ ತುಂಡುಗಳ ಚಿತ್ರ, ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಇದುವರೆಗೆ ಒಡೆದ ಮೂರು ಪೊಟ್ಟಣಗಳ ಪುಟಗಳನ್ನು ಒಂದೊಂದಾಗಿ ನೋಡುತ್ತ, ಬೇಕಾದಷ್ಟನ್ನು ಎತ್ತಿ ಪಕ್ಕಕ್ಕಿಡುವುದು. ಕಡಿಮೆ ಬಿದ್ದರೆ ಅದೇ ಕಾಣೆಯಾದದ್ದು. ಆರುನೂರು ಚಿಲ್ಲರೆ ತುಂಡುಗಳು.

ಚೆಲ್ಲಮ್ಮಾಳ್ ಕೇಳದೆಯೇ ಎದುರಿಗೆ ಕೂತು ಬಣ್ಣ ಬಣ್ಣವಾಗಿ ಬೇರೆ ಮಾಡತೊಡಗಿದಳು. ಪ್ರಾಯದಲ್ಲಿ ದ್ರಾಕ್ಷಿ ತೋಟಗಳಲ್ಲಿ ಗೊಂಚಲಿನ ಎಳೆಗಾಯಿಗಳನ್ನು ಕತ್ತರಿಯಿಂದ ತೆಳುಗೊಳಿಸುತ್ತಿದ್ದ ಬೆರಳುಗಳು ಅವು. ಕಣ್ಣು ಮಂಜಾಗಿದ್ದರೂ ಕೈ ತಪ್ಪಲಿಲ್ಲ. "ಬೂದು, ಉದ್ದದ್ದು, ನಾಕು," ಎಂದು ತೇನ್‌ಮೊಳಿ ಅಂದರೆ ನಾಲ್ಕು ಅವಳ ಅಂಗೈಗೆ ಬೀಳುತ್ತಿದ್ದವು. ನಡುವೆ ಎರಡು ಸಲ ಅಜಿತ್‌ಕುಮಾರನ ಫೋನ್ ಬಂತು. "ಎಣಿಸ್ತಾ ಇದೀನಿ," ಎಂದಷ್ಟೇ ಹೇಳಿದಳು. ಹಿಂದೆ ಮಗುವಿನ ಕೆಮ್ಮು ಕೇಳಿಸುತ್ತಿತ್ತು.

ಒಂದೂ ಮುಕ್ಕಾಲಿಗೆ ಕೊನೆಯ ಪುಟ ಮುಗಿಯಿತು. ಒಂದೂ ಕಡಿಮೆ ಬೀಳಲಿಲ್ಲ. ಪಂಚೆಯ ಮೇಲೆ ಇನ್ನೂ ಏಳು ಸಣ್ಣ ಚೂರುಗಳು ಉಳಿದಿದ್ದವು. ತೇನ್‌ಮೊಳಿ ಗೋಡೆಗೆ ಒರಗಿ ಜೋರಾಗಿ ಉಸಿರುಬಿಟ್ಟಳು.

"ಅಜಿತ್, ಎಲ್ಲಾ ಸರಿಯಾಗದೆ. ಒಂದೂ ಹೋಗಿಲ್ಲ."

ಅತ್ತ ಅವನು ಹೆಂಡತಿಗೆ ಹೇಳಿದ್ದು, ಮುತ್ತುಸೆಲ್ವಿ ಅತ್ತದ್ದು ಕೇಳಿಸಿತು. ಚೆಲ್ಲಮ್ಮಾಳ್ ನೆಲಕ್ಕೆ ಹಣೆ ಹಚ್ಚಿದಳು.

ಉಳಿದ ಏಳು ಚೂರುಗಳನ್ನು ತೇನ್‌ಮೊಳಿ ಡಬ್ಬಿಗೆ ಹಾಕಲು ಎತ್ತಿಕೊಂಡಳು. ಅತಿ ಸಣ್ಣ ತುಂಡುಗಳಲ್ಲಿ ಪ್ರತಿಯೊಂದು ಬಗೆಯದ್ದನ್ನೂ ಒಂದೊಂದು ಹೆಚ್ಚಿಗೆ ಹಾಕಿರುತ್ತಾರೆ, ಕಳೆದರೆ ಇರಲಿ ಎಂದು. ಹಸಿರು ಎಲೆ ಒಂದು. ಕಪ್ಪು ಗುಂಡು ಒಂದು. ಬಿಳಿ ಹೂ, ಕೆಂಪು ಹೂ, ಬೂದು ಕೊಕ್ಕೆ, ಕಂದು ಹಿಡಿ, ಹಳದಿ ಮೊಳೆ. ಅವಳ ಕೈ ನಿಂತಿತು. ದೀಪಗಳಿಗೆ ಹಾಕುವ, ಕಡಲೆಕಾಳಿಗಿಂತ ಚಿಕ್ಕದಾದ, ಬೆಳಕು ಹಾಯುವ ಕಿತ್ತಳೆ ಚೂರು? ಪುಸ್ತಕದಂತೆ ಎಂಟು ಬೇಕಿತ್ತು, ಎಂಟು ಇದ್ದವು. ಹೆಚ್ಚಿನದು, ಒಂಬತ್ತನೆಯದು, ಎಲ್ಲಿ?

ಪಂಚೆ ಕೊಡವಿದಳು. ಮೇಜು ಎತ್ತಿದಳು. ಚೆಲ್ಲಮ್ಮಾಳ್ ಪೊರಕೆ ತಂದು ಮೂಲೆ ಮೂಲೆ ಗುಡಿಸಿ ಕಸವನ್ನು ಬೆಳಕಿಗೆ ಹಿಡಿದಳು. ಸಿಗಲಿಲ್ಲ. ಆ ಪೊಟ್ಟಣದಲ್ಲಿ ಅದೊಂದನ್ನು ಮಾತ್ರ ಹಾಕಿರಲಿಲ್ಲವೇನೋ. ಹನ್ನೊಂದು ವರ್ಷದಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ. ಆದರೂ ಆಗಬಾರದೆಂದೇನಿದೆ? ಮಗುವಿನ ಬಾಯಿಗೆ ಏನೂ ಹೋಗಿಲ್ಲ ಎಂದು ಈಗಾಗಲೇ ಎರಡು ಸಲ ಹೇಳಿದ್ದಾಳೆ. ಈಗ ಹೋಗಿದೆ ಎಂದರೆ ಮಗುವಿಗೆ ಮತ್ತು ಬರಿಸುತ್ತಾರೆ. ಒಳಗೆ ಏನೂ ಇಲ್ಲದೆ, ಆ ಮತ್ತಿನಿಂದಲೇ ಏನಾದರೂ ಆದರೆ?

ಎರಡೂ ಕಾಲಾಗಿತ್ತು. ಅವಳು ಫೋನ್ ಮಾಡಿದಳು.

"ಅಜಿತ್, ನಾ ತಪ್ಪು ಹೇಳ್ದೆ. ಒಂದು ಇಲ್ಲ."

ಫೋನನ್ನು ಮುತ್ತುಸೆಲ್ವಿ ಕಿತ್ತುಕೊಂಡಳು. ಗಂಡನ ಅಕ್ಕನನ್ನು ಅವಳು ಕರೆಯುವುದು ಮದಿನಿ ಎಂದು. "ಮದಿನಿ, ಬೀಗ ಹಾಕಿತ್ತು ಅಂದ್ರಿ. ಎಲ್ಲಾ ಸರಿಯಾಗದೆ ಅಂದ್ರಿ. ಈಗ ಹಿಂಗಂತೀರಿ. ಖಂಡಿತವಾ?"

"ಖಂಡಿತ ಅಂತ ಹೇಳಕ್ಕಾಗಲ್ಲ, ಸೆಲ್ವಿ. ಹೋಗಿರೋ ಹಂಗೇ ಕಾಣ್ತದೆ."

"ನಿಮ್ ಕೂಸಾಗಿದ್ರೆ ಏನ್ ಮಾಡ್ತಿದ್ರಿ?"

"ಕೊಳವೆ ಹಾಕಿಸ್ತಿದ್ದೆ," ಎಂದಳು ತೇನ್‌ಮೊಳಿ.

ಡಾಕ್ಟರಮ್ಮನಿಗೆ ವಿಷಯ ತಿಳಿದದ್ದೇ ಮಗುವನ್ನು ಆ್ಯಂಬುಲೆನ್ಸಿನಲ್ಲಿ ದಿಂಡುಗಲ್ಲಿಗೆ ಕಳಿಸಿದರು. ಅಂಥದ್ದೇ ಇನ್ನೊಂದು ಚೂರು ಇದ್ದರೆ ತರಲಿ ಎಂದೂ ಹೇಳಿಕಳಿಸಿದರು. ತೇನ್‌ಮೊಳಿ ಎಂಟರಲ್ಲಿ ಎರಡನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ತಾಯಿಯನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಹೊರಟಳು. ಪೆರಿಯಕುಳಂ, ವತ್ತಲಗುಂಡು, ಒಂದೊಂದು ಊರೂ ಮುಗಿಯದಷ್ಟು ಉದ್ದವಾಯಿತು. ಚೆಲ್ಲಮ್ಮಾಳ್ ದಾರಿಯುದ್ದಕ್ಕೂ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು.

ದಿಂಡುಗಲ್ಲಿನ ಡಾಕ್ಟರು ಕಿತ್ತಳೆ ಚೂರನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದರು. ನಡುವೆ ಸಣ್ಣ ತೂತಿತ್ತು. "ಈ ತೂತಿನಿಂದ ಗಾಳಿ ಆಡುತ್ತಿರಬಹುದು. ಒಳಗಿದ್ದರೆ ಇದರ ಅಂಚಿಗೆ ಯಾವ ಚಿಮಟ ಹಿಡಿಯುತ್ತದೆ ಅಂತ ಈಗ ಗೊತ್ತಾಯಿತು," ಎಂದು ಚೂರನ್ನು ತಮ್ಮ ಜೊತೆಗೇ ಒಯ್ದರು. ಐದೂವರೆಗೆ ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ಮುತ್ತುಸೆಲ್ವಿ ಒಂದು ತುದಿಗೆ, ತೇನ್‌ಮೊಳಿ ಇನ್ನೊಂದು ತುದಿಗೆ ಕೂತಿದ್ದರು. "ಆಟದ ವಯಸ್ಸಾ ನಿಮ್ದು, ಮದಿನಿ?" ಎಂದು ಮುತ್ತುಸೆಲ್ವಿ ಕೇಳಿದಾಗ ತೇನ್‌ಮೊಳಿ ತಲೆ ಎತ್ತಲಿಲ್ಲ. ಅಜಿತ್‌ಕುಮಾರ್ ಕಿಟಕಿಯ ಕಡೆ ತಿರುಗಿಕೊಂಡ.

ಚೆಲ್ಲಮ್ಮಾಳ್ ಎದ್ದು ಸೊಸೆಯ ಮುಂದೆ ಹೋಗಿ ನಿಂತಳು. "ಅವಳ್ನ ಬಯ್ಬ್ಯಾಡ ತಾಯಿ. ಬಾಗ್ಲು ತೆಗೆದೋಳು ನಾನು. ಕೂಸ್ನ ಒಳಗೆ ಕುಂದ್ರಿಸ್ದೋಳೂ ನಾನು. ಬೆಳಿಗ್ಗೆ ಹೇಳ್ದೆ ಬಾಯಿ ಮುಚ್ಚಿಕೊಂಡೋಳೂ ನಾನೇ."

ಮುತ್ತುಸೆಲ್ವಿ ಅತ್ತೆಯನ್ನೇ ನೋಡಿದಳು. ಎದ್ದು ಹೋಗಿ ಬಾಗಿಲಿಗೆ ಹತ್ತಿರವಾಗಿ ಒಬ್ಬಳೇ ನಿಂತಳು.

ನಲವತ್ತು ನಿಮಿಷ ಕಳೆದು ಡಾಕ್ಟರು ಹೊರಬಂದಾಗ ಅವರ ಕೈಯಲ್ಲಿ ಸ್ಟೀಲಿನ ಬಟ್ಟಲಿತ್ತು. ಅದರೊಳಗೆ ಕಫ ಮೆತ್ತಿದ ಕಿತ್ತಳೆ ಚೂರು. "ಪಾಪಾ ಚೆನ್ನಾಗಿದೆ," ಎಂದರು. "ಬಲಗಡೆಯ ಕವಲಿನಲ್ಲಿ ಕೂತಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಸುತ್ತ ಊದಿಕೊಂಡು ತೆಗೆಯುವುದು ಕಷ್ಟವಾಗುತ್ತಿತ್ತು. ಎಣಿಸಿದವರು ಯಾರು?"

ತೇನ್‌ಮೊಳಿ ಬೆಂಚಿನಲ್ಲೇ ಬಗ್ಗಿ ಮುಖ ಮುಚ್ಚಿಕೊಂಡು ಅತ್ತಳು.

ಮೂರನೆಯ ದಿನ ಮಗುವನ್ನು ಆಸ್ಪತ್ರೆಯಿಂದ ಬಿಟ್ಟರು. ಮುತ್ತುಸೆಲ್ವಿ ಚಿನ್ನಮನೂರಿಗೆ ಬರದೆ ಮಗುವಿನೊಂದಿಗೆ ಕಾಮಯಗೌಂಡನ್‌ಪಟ್ಟಿಯ ತವರಿಗೆ ಹೋದಳು. ತೇನ್‌ಮೊಳಿ ಶೆಲ್ಫುಗಳನ್ನೆಲ್ಲ ಖಾಲಿ ಮಾಡಿ, ಪೆಟ್ಟಿಗೆಗಳನ್ನು ಕಚೇರಿಯ ಹತ್ತಿರ ಬಾಡಿಗೆಗೆ ಹಿಡಿದ ಒಂದು ಮಹಡಿ ಕೋಣೆಗೆ ಸಾಗಿಸಿದಳು. ಈ ಇಟ್ಟಿಗೆಗಳ ಹವ್ಯಾಸವನ್ನೇ ಬಿಟ್ಟುಬಿಡಬೇಕೆಂದು ಒಂದೆರಡು ದಿನ ಯೋಚಿಸಿದ್ದಳು. ಆಗಲಿಲ್ಲ. ಆದರೆ ಬಿಚ್ಚಿ ಜೋಡಿಸಲೂ ಕೈ ಬರಲಿಲ್ಲ.

ನಾಲ್ಕನೆಯ ಭಾನುವಾರ ಧೈರ್ಯ ಮಾಡಿ ಕಾಮಯಗೌಂಡನ್‌ಪಟ್ಟಿಗೆ ಹೋದಳು. ಮುತ್ತುಸೆಲ್ವಿ ತವರಿನ ದ್ರಾಕ್ಷಿ ಚಪ್ಪರದ ನೆರಳಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಬನ್ನಿ ಎಂದಳು, ನೀರು ಕೊಟ್ಟಳು. ಆಮೇಲೆ ಅವಳು ಮಗುವನ್ನು ಎತ್ತಿ ತೇನ್‌ಮೊಳಿಯ ಮಡಿಲಲ್ಲಿ ಕೂರಿಸಿ, "ನಾ ಎರಡು ಚೆಂಬು ನೀರು ಹೊಯ್ಕೊಂಡು ಬತ್ತೀನಿ, ಮದಿನಿ. ಅಲ್ಲೀವರ್ಗೂ ನೋಡ್ಕೊಳಿ," ಎಂದು ಒಳಗೆ ಹೋದಳು.

ತೇನ್‌ಮೊಳಿ ಇದನ್ನು ನಿರೀಕ್ಷಿಸಿರಲಿಲ್ಲ. ಮಗು ಮಡಿಲಿನಿಂದ ಜಾರಿ ಚಪ್ಪರದ ಕೆಳಗೆ ಓಡಿತು. ಅವಳು ಬಗ್ಗಿ ಬಗ್ಗಿ ಹಿಂದೆಯೇ ಹೋದಳು. ಮಗುವಿನ ಬೆರಳುಗಳನ್ನು ಬಿಟ್ಟರೆ ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ನೆಲದ ತುಂಬ ಉದುರಿದ ದ್ರಾಕ್ಷಿ. ಮಗು ಒಂದು ಕಪ್ಪು ಹಣ್ಣು ಎತ್ತಿ ಬಾಯಿಯ ಹತ್ತಿರ ತಂದದ್ದೇ, ತೇನ್‌ಮೊಳಿ ಹಾರಿ ಆ ಕೈ ಹಿಡಿದಳು. ಮಗು ಬೆಚ್ಚಿ ಜೋರಾಗಿ ಅಳತೊಡಗಿತು.

ಮುತ್ತುಸೆಲ್ವಿ ಒದ್ದೆ ಕೂದಲಲ್ಲೇ ಓಡಿಬಂದಳು. ನಾದಿನಿಯ ಮುಖ, ಅವಳ ಮುಷ್ಟಿಯಲ್ಲಿ ಜಜ್ಜಿ ರಸ ಸೋರುತ್ತಿದ್ದ ಹಣ್ಣು, ಎರಡನ್ನೂ ನೋಡಿ ನಿಂತಳು.

"ನಾನೂ ಹಿಂಗೇ ಆಗ್ಬುಟ್ಟಿದೀನಿ, ಮದಿನಿ," ಎಂದಳು ಮುತ್ತುಸೆಲ್ವಿ. "ದಿನಾ ಬೆರಳು ಹಾಕಿ ಬಾಯಿ ನೋಡ್ತೀನಿ. ನಿದ್ದೇಲಿ ಕೆಮ್ಮಿದ್ರೆ ಎದ್ದು ಕುಂತ್ಬುಡ್ತೀನಿ. ನಮ್ಮವ್ವ ನಗ್ತಾಳೆ. ನಂಗೆ ನಗು ಬರಲ್ಲ."

ಅವಳು ಮಗುವನ್ನು ಎತ್ತಿ ಸೊಂಟಕ್ಕೇರಿಸಿ, ತೇನ್‌ಮೊಳಿಯ ಪಕ್ಕದಲ್ಲೇ ಚಪ್ಪರದ ಕಂಬಕ್ಕೆ ಒರಗಿದಳು. ಒಂದು ಹಣ್ಣನ್ನು ತೊಳೆದು, ಹಲ್ಲಿನಿಂದ ಸೀಳಿ, ಬೀಜ ತೆಗೆದು, ಸಣ್ಣ ಚೂರು ಮಾಡಿ ಮಗುವಿನ ಬಾಯಿಗಿಟ್ಟಳು. ಮಗು ಅಗಿದು ನುಂಗುವವರೆಗೂ ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದರು.

"ಶುಕ್ರವಾರ ಮನೆಗೆ ಬತ್ತೀನಿ ಅಂತ ನಿಮ್ ತಮ್ಮಂಗೆ ಹೇಳಿ," ಎಂದಳು ಮುತ್ತುಸೆಲ್ವಿ. "ಅತ್ತೇಗೂ ಹೇಳಿ."