ಬಾಗಿಲಲ್ಲಿಟ್ಟ ಮದ್ದುನೀರು

“ಇಪ್ಪತ್ತು ಸಾವಿರ ಕೋಳೀನ ಒಂದೇ ಬೆಳಗ್ಗೆ, ಒಂದೇ ಕೈಯಲ್ಲಿ ಗುಂಡಿಗೆ ಹಾಕ್ದೋನು ನಾನು! ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಒಂದು ತೊಟ್ಟು ಚೆಲ್ಲಿದ್ರೆ ಕೇಳಿ!” ಎನ್ನುತ್ತ ಬುರುಡೆ ಎಂಬ ಅಡ್ಡಹೆಸರಿನವನು ಶವಪೆಟ್ಟಿಗೆಯ ಒಂದು ತುದಿ ಎತ್ತಲು ನೋಡಿದ. ಅದು ಮಿಸುಕಲಿಲ್ಲ.

ಅಂಗಳದಲ್ಲಿ ಯಾರೂ ನಗಲಿಲ್ಲ. ಮೊಟ್ಟೆ ವ್ಯಾನು ಓಡಿಸುವ ಈ ಮನುಷ್ಯ ಉಸಿರಾಡುವುದೇ ಬೊಗಳೆ ಬಿಡಲು ಎಂಬುದು ಸುತ್ತಲಿನ ಕೋಳಿಶೆಡ್ಡಿನವರಿಗೆಲ್ಲ ಗೊತ್ತು. ಪೆಟ್ಟಿಗೆಯಲ್ಲಿದ್ದವನು ಅವನ ಅಕ್ಕನ ಗಂಡ. ಹೊರಲು ನಾಲ್ಕು ಹೆಗಲು ಬೇಕು. ಇದ್ದದ್ದು ಸತ್ತವನ ಮಗಳದು, ಅಳಿಯನದು, ಬುರುಡೆಯದು.

“ಒಬ್ರಾದ್ರೂ ಬನ್ರಪ್ಪ,” ಎಂದಳು ಮಗಳು.

ಪಕ್ಕದ ಶೆಡ್ಡಿನ ಯಜಮಾನ ಕಟ್ಟಿದ ಕೈ ಬಿಚ್ಚಲಿಲ್ಲ. “ಯಾಕಮ್ಮ ಬರ್ಬೇಕು? ಹಕ್ಕಿಜ್ವರ ಒಳಗೆ ಬಿಟ್ಕೊಂಡಿದ್ದು ನಿಮ್ಮಪ್ಪ. ನಮ್ಮ ಕೋಳಿ ಎಲ್ಲ ಹೂತ್ರು. ವರ್ಷಗಟ್ಟಲೆ ಶೆಡ್ಡಲ್ಲಿ ಜೇಡ ಸಾಕಿದ್ವಿ.”

“ರೋಗ ಹೋಯ್ತಾ ಅಂತ ಪರೀಕ್ಷೆಗೆ ಮೊದ್ಲು ಮರಿ ಬಿಟ್ಟಿದ್ದೂ ಅಪ್ಪನೇ. ಅವು ಮೂರು ವಾರ ಬದುಕಿದ್ಮೇಲೆ ತಾನೇ ನಿಮಗೆಲ್ಲ ಮತ್ತೆ ಕೋಳಿ ಸಾಕೋಕೆ ಅನುಮತಿ ಸಿಕ್ಕಿದ್ದು?”

“ಮನೆ ಸುಟ್ಟೋನು ಕೊನೆಗೆ ಒಂದು ಕೊಡ ನೀರು ತಂದ. ಹಾರ ಹಾಕ್ಬೇಕಾ?”

*

ಕೋಳಿ ಹೂತ ಆ ವರ್ಷ, ರೋಗ ಹೇಗೆ ಬಂತೆಂದು ವಿಚಾರಿಸಲು ಅಧಿಕಾರಿ ಬಂದ ದಿನ ಬುರುಡೆಯ ಭಾವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಹೊಸ್ತಿಲ ಮುಂದೆ ಅಗಲ ತಟ್ಟೆಯಲ್ಲಿ ರೋಗಾಣು ಕೊಲ್ಲುವ ಮದ್ದುನೀರು. ಎಂಥ ದೊರೆಯೇ ಬರಲಿ, ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು.

“ಕಾಲು ಅದ್ದದೆ ಒಳಗೆ ಹೋದೋರು ಯಾರು?” ಎಂದ ಅಧಿಕಾರಿ.

ಭಾವ ಒಮ್ಮೆ ಬುರುಡೆಯ ಬೂಟುಗಳನ್ನು ನೋಡಿದ.

“ನಾನೇ ಸ್ವಾಮಿ. ಮರೆತೆ.”

ಬುರುಡೆ ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ.

*

“ಮಾವ,” ಮಗಳು ಕಣ್ಣೊರೆಸಿಕೊಂಡಳು, “ಶೆಡ್ಡಲ್ಲಿ ಕೋಳಿಬುಟ್ಟಿ ತಳ್ಳೋ ಗಾಡಿ ಇದೆ, ತನ್ನಿ. ಅಪ್ಪನ್ನ ಅದ್ರಲ್ಲೇ ಒಯ್ಯೋಣ.”

ಕೋಳಿಬುಟ್ಟಿಯ ಗಾಡಿಯಲ್ಲಿ ಭಾವ! ಬುರುಡೆ ತಲೆ ತಗ್ಗಿಸಿ ನಡೆದ. ಬಾಗಿಲಿಗೆ ಬಂದವನೇ ಪ್ಯಾಂಟು ತುಸು ಎತ್ತಿ, ಮದ್ದುನೀರಿನ ತಟ್ಟೆಯ ಮೇಲಿಂದ ಹಗುರವಾಗಿ ಹಾರಿ ಒಳಗಿಳಿದ. ಎಷ್ಟೋ ವರ್ಷದ ಅಭ್ಯಾಸದ ಜಿಗಿತ. ಒಳಗೆ ಎಳೆಮರಿಗಳು ಚಿಲಿಪಿಲಿಗುಟ್ಟಿದವು. ಅಂಗಳವೆಲ್ಲ ಅವನ ಕಾಲನ್ನೇ ನೋಡುತ್ತಿತ್ತು.

“ಮಾವ... ಆವತ್ತೂ ಹೀಗೇ ಹಾರಿದ್ರಾ?”

“ಹಾರೋದಾ? ನಾನು ಹಾರಿದ್ರೆ ಈ ಶೆಡ್ಡಿನ ಚಾವಣೀನೇ ದಾಟಿ—”

ಅವನ ಕಣ್ಣು ತನ್ನ ಬೂಟಿನ ಮೇಲೆ ಬಿತ್ತು.

“ಆವತ್ತು ಹೊಸಾ ಬೂಟು ಕಣಮ್ಮ. ಮದ್ದುನೀರಿಗೆ ಬಣ್ಣ ಹೋಗುತ್ತೆ ಅಂತ... ಕೋಳಿ ಸಾಯ್ತಿದ್ದ ಬೇರೆ ಶೆಡ್ಡಿಂದ ಸೀದಾ ಬಂದಿದ್ದೆ. ರೋಗ ತಂದಿದ್ದು ಭಾವ ಅಲ್ಲ, ನಾನು. ಗುಂಡಿಗೆ ನಾನು ಒಂದು ಕೋಳೀನೂ ಹಾಕ್ಲಿಲ್ಲ. ವ್ಯಾನಿನ ಗಾಜು ಏರಿಸ್ಕೊಂಡು ಒಳಗೆ ಕೂತಿದ್ದೆ.”

ಪಕ್ಕದ ಶೆಡ್ಡಿನ ಯಜಮಾನ ಕೈ ಬಿಚ್ಚಿ ಬಂದು ಪೆಟ್ಟಿಗೆಯ ಮೂಲೆ ಹಿಡಿದ. ಹಿಂದೆ ಇನ್ನೊಬ್ಬ ಬಂದ. ಬುರುಡೆ ಓಡಿಬರಲು ನೋಡಿದಾಗ ಯಜಮಾನ ತಿರುಗಿಯೂ ನೋಡದೆ ಅಂದ: “ನೀನು ಅಲ್ಲೇ ನಿಲ್ಲೋ.”

ನಾಲ್ಕು ಹೆಗಲ ಮೇಲೆ ಭಾವ ಗೇಟು ದಾಟಿದ. ಬುರುಡೆ ತಟ್ಟೆಯೊಳಗೆ ಎರಡೂ ಕಾಲಿಟ್ಟು ನಿಂತಿದ್ದ. ಬೂಟಿನ ಕಂದುಬಣ್ಣ ಮೆಲ್ಲಗೆ ನೀರಿಗೆ ಬಿಡುತ್ತಿತ್ತು.